ಕರೆದರೂ ಬರಲಾಗದ ಅತಿಥಿಗಳು: ಅಂತರ್ಜಾಲದ ವಿಳಾಸಗಳ ಚರಿತ್ರೆಯಿಂದ ಒಂದು ಅಧ್ಯಾಯ

ಉರ್ದುವಿನಲ್ಲಿ ‘ಪತಾ’ ಎಂಬ ಸಣ್ಣ ಪದವೊಂದಿದೆ. ಲಕೋಟೆಯ ಮೇಲೆ ಬರೆಯುವ ವಿಳಾಸಕ್ಕೂ ಪತಾ ಎನ್ನುತ್ತಾರೆ, ತಿಳಿವಳಿಕೆಗೂ ಪತಾ ಎನ್ನುತ್ತಾರೆ. ‘ಪತಾ ನಹೀಂ’ ಎಂದರೆ ಗೊತ್ತಿಲ್ಲ ಎಂದರ್ಥ. ನಮ್ಮ ಕನ್ನಡದ ‘ಪತ್ತೆ’ ಅದರ ಹತ್ತಿರದ ನೆಂಟ. ಎರಡೂ ಭಾಷೆಗಳನ್ನು ಪಾಠ ಮಾಡುವ ನನಗೆ ಈ ಎರಡು ಅರ್ಥಗಳು ಒಂದೇ ಕಡೆ ಬಂದು ಕೂಡಿದ್ದು ಒಬ್ಬ ವಿದ್ಯಾರ್ಥಿಯ ಪ್ರಶ್ನೆಯಿಂದ.

ಒಂಬತ್ತನೆಯ ತರಗತಿಯ ಹುಡುಗ. ಮನೆಯ ಕಂಪ್ಯೂಟರಿನಲ್ಲಿ ಮೈನ್‌ಕ್ರಾಫ್ಟ್ ಆಟದ ಸರ್ವರ್ ಹಾಕಿಕೊಂಡು ನಾಲ್ವರು ಗೆಳೆಯರನ್ನು ಆಟಕ್ಕೆ ಕರೆದಿದ್ದ. ಅವನಿಗೆ ಆಟ ತೆರೆಯುತ್ತಿತ್ತು. ಅದೇ ಮನೆಯಲ್ಲಿ ಅಕ್ಕನ ಲ್ಯಾಪ್‌ಟಾಪಿನಲ್ಲೂ ತೆರೆಯುತ್ತಿತ್ತು. ಆದರೆ ಬೇರೆ ಬೇರೆ ಮೊಹಲ್ಲಾಗಳಲ್ಲಿದ್ದ ಗೆಳೆಯರ ಪರದೆಯ ಮೇಲೆ ಬರುತ್ತಿದ್ದುದು ಒಂದೇ ಸಾಲು: ‘ಕನೆಕ್ಷನ್ ಟೈಮ್ಡ್ ಔಟ್’. ಅಂಗಡಿಯವರೊಬ್ಬರು ರೂಟರ್ ಹಳೆಯದಾಗಿದೆ, ಬದಲಿಸಿ ಎಂದರಂತೆ. ಹುಡುಗನ ತಂದೆ ಟೈಲರ್. ಎರಡೂವರೆ ಸಾವಿರ ರೂಪಾಯಿ ಕೊಟ್ಟು ಹೊಸದನ್ನು ತಂದರು. ಫಲ ಅದೇ. ಮರುದಿನ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದ: “ಸರ್, ನಾನು ಅವರಿಗೆ ಕೊಟ್ಟ ಪತಾನೇ ಸುಳ್ಳಾ?”

ಪತಾ ಸುಳ್ಳಾಗಿರಲಿಲ್ಲ. ಆದರೆ ಅದು ಅವನೊಬ್ಬನದಾಗಿರಲಿಲ್ಲ. ಇದು ಹೇಗೆ ಎಂದು ತಿಳಿಯಬೇಕಾದರೆ ನಾವು ಐವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಆಟದ ವಿಷಯವನ್ನು ಸಂಘದ ವಾರ್ಷಿಕ ಸಂಚಿಕೆಯಲ್ಲಿ ಬರೆಯುವುದೇ ಎಂದು ಹಿರಿಯರು ಹುಬ್ಬೇರಿಸಬಹುದು. ಅವರಲ್ಲಿ ನನ್ನ ಅರಿಕೆ ಇಷ್ಟೇ: ಮಕ್ಕಳು ಎಷ್ಟು ಹೊತ್ತು ಆಡಬೇಕು ಎಂಬುದು ಬೇರೆ ಚರ್ಚೆ, ಅದನ್ನು ಮನೆಯಲ್ಲಿ ತೀರ್ಮಾನಿಸಿ. ಇಲ್ಲಿ ನಾನು ಹೇಳಹೊರಟಿರುವುದು ಆ ಮಗುವಿನ ಮನೆಗೆ ಹೊರಗಿನವರು ಏಕೆ ಬಂದು ಮುಟ್ಟಲಿಲ್ಲ ಎಂಬುದನ್ನು.

ಮೊದಲು ಅಂತರ್ಜಾಲದ ಹುಟ್ಟಿನ ಕಾಲವನ್ನು ನೋಡೋಣ. 1969ರ ಅಕ್ಟೋಬರ್ 29ರಂದು ಅಮೆರಿಕದ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಅರ್ಪಾನೆಟ್‌ನ ಮೊದಲ ಸಂದೇಶ ಹೋಯಿತು. ಕಳಿಸಬೇಕಾಗಿದ್ದ ಪದ ‘ಲಾಗಿನ್’. ಮೊದಲ ಎರಡು ಅಕ್ಷರಗಳು ತಲುಪಿದವು, ಅಷ್ಟರಲ್ಲಿ ಆಚೆಯ ಯಂತ್ರ ಕುಸಿಯಿತು. ಅಂದರೆ ಸಂಪರ್ಕದ ಚರಿತ್ರೆ ಶುರುವಾಗುವುದೇ ಸಂಪರ್ಕ ಕಡಿದುಹೋದ ಘಟನೆಯಿಂದ. ಮಕ್ಕಳಿಗೆ ಇದನ್ನು ಹೇಳಿದರೆ ಬಹಳ ಸಮಾಧಾನವಾಗುತ್ತದೆ.

ಇಂದಿಗೂ ಬಳಕೆಯಲ್ಲಿರುವ ವಿಳಾಸ ಪದ್ಧತಿಯ ನಿಯಮಾವಳಿ ಪ್ರಕಟವಾದದ್ದು 1981ರ ಸೆಪ್ಟೆಂಬರಿನಲ್ಲಿ. 1983ರ ಜನವರಿ 1ರಂದು ಅರ್ಪಾನೆಟ್ ಪೂರ್ತಿಯಾಗಿ ಹೊಸ ಪದ್ಧತಿಗೆ ಬದಲಾಯಿತು. ಪ್ರತಿ ವಿಳಾಸಕ್ಕೂ 32 ಬಿಟ್‌ಗಳು. ಲೆಕ್ಕ ಹಾಕಿದರೆ ಒಟ್ಟು 429 ಕೋಟಿ 49 ಲಕ್ಷ ಚಿಲ್ಲರೆ ವಿಳಾಸಗಳಾಗುತ್ತವೆ. 1981ರಲ್ಲಿ ಜಗತ್ತಿನ ಜನಸಂಖ್ಯೆಯೇ ಸುಮಾರು 450 ಕೋಟಿ ಇತ್ತು. ಹುಟ್ಟುವಾಗಲೇ ತಲೆಗೊಂದು ವಿಳಾಸ ಬರುವಂತಿರಲಿಲ್ಲ! ಈ ಪದ್ಧತಿಯ ಪಿತಾಮಹರಲ್ಲಿ ಒಬ್ಬರಾದ ವಿಂಟ್ ಸರ್ಫ್ ಅವರು, 1977ರಲ್ಲಿ ಅದೊಂದು ಪ್ರಯೋಗ ಮಾತ್ರ ಎಂಬ ಭಾವನೆಯಿಂದ 32ಕ್ಕೆ ನಿಲ್ಲಿಸಿದೆವೆಂದು ಮುಂದೆ ಹಲವು ಬಾರಿ ಹೇಳಿಕೊಂಡಿದ್ದಾರೆ. ಪ್ರಯೋಗ ಮುಗಿಯಲೇ ಇಲ್ಲ. ಅದೇ ಜಗತ್ತಾಯಿತು.

ಆ ಕಾಲದ ಒಂದು ಗುಣವನ್ನು ಓದುಗರು ಗಮನಿಸಬೇಕು. ಜಾಲಕ್ಕೆ ಸೇರಿದ ಪ್ರತಿ ಯಂತ್ರವೂ ಕರೆಯಬಲ್ಲದಾಗಿತ್ತು, ಕರೆಸಿಕೊಳ್ಳಬಲ್ಲದೂ ಆಗಿತ್ತು. ಅತಿಥಿ, ಆತಿಥೇಯ ಎಂಬ ಭೇದ ಯಂತ್ರದಲ್ಲಿರಲಿಲ್ಲ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಬರೆಯತೊಡಗಿ, ರಿಚರ್ಡ್ ಬಾರ್ಟಲ್ ಎಂಬ ಇನ್ನೊಬ್ಬ ವಿದ್ಯಾರ್ಥಿ ಮುಂದುವರಿಸಿದ ‘ಮಡ್’ ಎಂಬ ಅಕ್ಷರಗಳ ಆಟ ಇಂದಿನ ಎಲ್ಲ ಆನ್‌ಲೈನ್ ಆಟಗಳ ಮುತ್ತಜ್ಜ. 1980ರಲ್ಲಿ ಆ ವಿಶ್ವವಿದ್ಯಾಲಯಕ್ಕೆ ಅರ್ಪಾನೆಟ್‌ನ ಸಂಪರ್ಕ ಸಿಕ್ಕ ಮೇಲೆ ದೂರದವರೂ ಬಂದು ಆಡತೊಡಗಿದರು. ಅಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ‘ಉತ್ತರಕ್ಕೆ ಹೋಗು’ ಎಂದು ಟೈಪು ಮಾಡಿದರೆ ಉತ್ತರಕ್ಕೆ ಹೋಗುವುದು, ಅಷ್ಟೇ.

ವಿಳಾಸದ ಜೊತೆಗೆ ಬಾಗಿಲಿನ ಸಂಖ್ಯೆಯೂ ಬೇಕು. ಇದಕ್ಕೆ ಪೋರ್ಟ್ ಎನ್ನುತ್ತಾರೆ. ಒಂದು ವಿಳಾಸದಲ್ಲಿ ಸೊನ್ನೆಯಿಂದ 65,535ರವರೆಗೆ ಬಾಗಿಲುಗಳಿವೆ. 2009ರಲ್ಲಿ ಹೊರಬಂದು 2011ರ ನವೆಂಬರಿನಲ್ಲಿ ಪೂರ್ಣರೂಪ ಪಡೆದ ಮೈನ್‌ಕ್ರಾಫ್ಟ್‌ನ ಕಂಪ್ಯೂಟರ್ ಆವೃತ್ತಿಯ ಸರ್ವರ್ ಬೇರೇನೂ ಹೇಳದಿದ್ದರೆ 25565ನೆಯ ಬಾಗಿಲಲ್ಲಿ ಕುಳಿತು ಕಾಯುತ್ತದೆ. ಕೌಂಟರ್ ಸ್ಟ್ರೈಕ್‌ನದು 27015. ಬಾಗಿಲಿಗೆ ಬಂದವನು ಒಮ್ಮೆಲೇ ಒಳನುಗ್ಗುವುದಿಲ್ಲ. ಮೊದಲು ಸಲಾಂ, ಅದಕ್ಕೆ ಪ್ರತಿ ಸಲಾಂ, ಅದು ಕೇಳಿಸಿತೆಂದು ಬಂದವನ ಇನ್ನೊಂದು ಮಾತು. ಈ ಮೂರು ಮಾತುಗಳಾದ ಮೇಲೆಯೇ ಸಂಪರ್ಕ. ಸೂರಃ ಅನ್ನೂರ್‌ನಲ್ಲಿ ಪರರ ಮನೆಗೆ ಅನುಮತಿ ಕೇಳದೆ, ಮನೆಯವರಿಗೆ ಸಲಾಂ ಹೇಳದೆ ಪ್ರವೇಶಿಸಬಾರದೆಂಬ ಆದೇಶವಿರುವುದು ನಿಮಗೆಲ್ಲ ತಿಳಿದಿದೆ. ಮೂರು ಬಾರಿ ಕೇಳಿಯೂ ಉತ್ತರ ಬಾರದಿದ್ದರೆ ಹಿಂದಿರುಗಬೇಕೆಂದು ಹದೀಸ್ ಕಲಿಸುತ್ತದೆ. ಆ ಸೂರಃದಲ್ಲಿ ಎರಡು ಸಂದರ್ಭಗಳನ್ನು ಬೇರೆ ಬೇರೆಯಾಗಿ ಹೇಳಿರುವುದನ್ನು ನಾನು ಮಕ್ಕಳಿಗೆ ತೋರಿಸುತ್ತೇನೆ: ಮನೆಯಲ್ಲಿ ಯಾರೂ ಇಲ್ಲದಿರುವುದು ಒಂದು, ‘ಹಿಂದಿರುಗಿ’ ಎಂದು ಹೇಳಿಸಿಕೊಳ್ಳುವುದು ಇನ್ನೊಂದು.

ಸರ್ವರ್ ನಡೆಸುವವನಿಗೂ ಈ ಭೇದವೇ ಮುಖ್ಯ. ಪರದೆಯ ಮೇಲೆ ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಬಂದರೆ ಅದು ಇನ್ಕಾರ್. ಯಾರೋ ಬಾಗಿಲಿಗೆ ಬಂದು ಇಲ್ಲ ಎಂದಿದ್ದಾರೆ. ಅಂದರೆ ಯಾವುದೋ ಒಂದು ಯಂತ್ರದವರೆಗೆ ದಾರಿಯಿದೆ, ಆ ಬಾಗಿಲಲ್ಲಿ ಮಾತ್ರ ಯಾರೂ ಕುಳಿತಿಲ್ಲ. ಸರ್ವರ್ ಚಾಲೂ ಆಗಿಲ್ಲ ಅಥವಾ ಬಾಗಿಲಿನ ಸಂಖ್ಯೆ ತಪ್ಪಿದೆ. ‘ಟೈಮ್ಡ್ ಔಟ್’ ಎಂದು ಬಂದರೆ ಅದು ಖಾಮೋಷಿ. ಸಲಾಂ ಹೋಯಿತು, ಜವಾಬು ಬರಲಿಲ್ಲ. ವಿಳಾಸ ತಪ್ಪಿರಬಹುದು, ನಡುವೆ ಯಾರೋ ಕಾಗದವನ್ನು ಸದ್ದಿಲ್ಲದೆ ಹರಿದೆಸೆದಿರಬಹುದು. ಇನ್ಕಾರ್‌ಗೆ ಮದ್ದು ಸುಲಭ, ಖಾಮೋಷಿಗೆ ಕಷ್ಟ. ನಮ್ಮ ಹುಡುಗನಿಗೆ ಬಂದದ್ದು ಖಾಮೋಷಿ.

ಮೌನ ಎಲ್ಲಿ ಆರಂಭವಾಗುತ್ತದೆ ಎಂದು ಹುಡುಕುವ ಉಪಕರಣಗಳಿಗೂ ಚರಿತ್ರೆಯಿದೆ. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನೆಯ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ಎಂಬ ತಜ್ಞರು ‘ಪಿಂಗ್’ ಎಂಬ ಚಿಕ್ಕ ಪ್ರೋಗ್ರಾಂ ಬರೆದರು. ಜಲಾಂತರ್ಗಾಮಿ ನೌಕೆಗಳು ಶಬ್ದ ಕಳಿಸಿ ಪ್ರತಿಧ್ವನಿ ಕೇಳುತ್ತವಲ್ಲ, ಆ ಶಬ್ದದ ಹೆಸರನ್ನೇ ಇಟ್ಟರು. ಇಂದಿಗೂ ಅದು ಹೆಚ್ಚುಕಡಿಮೆ ಪ್ರತಿ ಕಂಪ್ಯೂಟರಿನಲ್ಲಿದೆ. ಆಟವಾಡುವ ಮಕ್ಕಳು “ನಿನ್ನ ಪಿಂಗ್ ಎಷ್ಟು?” ಎಂದು ಕೇಳುವಾಗ ಅವರಿಗರಿಯದೆ ಅವರ ಕೆಲಸವನ್ನು ನೆನೆಯುತ್ತಾರೆ. ಕೆಲವು ವರ್ಷಗಳ ನಂತರ ವ್ಯಾನ್ ಜೇಕಬ್ಸನ್ ಅವರು ಬರೆದ ‘ಟ್ರೇಸ್‌ರೂಟ್’ ದಾರಿಯ ಪ್ರತಿ ಠಾಣೆಯನ್ನೂ ತೋರಿಸುತ್ತದೆ. ಇದನ್ನು ವಿವರಿಸುವಾಗ ನನಗೆ ಇಬ್ನ್ ಬತೂತಾ ನೆನಪಾಗುತ್ತಾನೆ. 1333ರ ಸುಮಾರಿಗೆ ಹಿಂದುಸ್ತಾನಕ್ಕೆ ಬಂದ ಆ ಪ್ರವಾಸಿ ಇಲ್ಲಿನ ಅಂಚೆಯನ್ನು ಬೆರಗಿನಿಂದ ವರ್ಣಿಸಿದ್ದಾನೆ. ಮೈಲಿಗೆ ಮೂರು ಠಾಣೆಗಳು, ಗಂಟೆ ಕಟ್ಟಿದ ಕೋಲು ಹಿಡಿದು ಓಡುವ ಹರಿಕಾರ, ಗಂಟೆಯ ಸದ್ದು ಕೇಳಿದೊಡನೆ ಸಿದ್ಧನಾಗಿ ನಿಲ್ಲುವ ಮುಂದಿನವನು. ಕುದುರೆಯ ಅಂಚೆಗಿಂತ ಈ ಕಾಲಾಳುಗಳೇ ವೇಗ ಎಂದೂ ಬರೆದಿದ್ದಾನೆ. ಅಂತರ್ಜಾಲದ ಪ್ಯಾಕೆಟ್ ಹೋಗುವುದೂ ಹೀಗೆಯೇ, ಠಾಣೆಯಿಂದ ಠಾಣೆಗೆ. (ಅದೇ ಗ್ರಂಥದಲ್ಲಿ ನಮ್ಮ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವೆಂದು ಅವನು ಬರೆದಿರುವುದನ್ನು ನಮ್ಮಂಥ ಸಂಘದ ಸದಸ್ಯರು ಮರೆಯಬಾರದು. ಅದು ಬೇರೆ ಲೇಖನದ ವಿಷಯ.)

ಇನ್ನು ಆಟಗಳಿಗೆ ಬರೋಣ. 1993ರ ಡಿಸೆಂಬರ್ 10ರಂದು ಬಿಡುಗಡೆಯಾದ ‘ಡೂಮ್’ ಆಟವನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸರ್ವರಿಗೆ ಏರಿಸಬೇಕಾಗಿತ್ತು. ಆದರೆ ಆಟಕ್ಕಾಗಿ ಕಾಯುತ್ತಿದ್ದವರೇ ಅಲ್ಲಿ ತುಂಬಿ, ಆಟ ಮಾಡಿದ ಕಂಪನಿಯವರಿಗೇ ಒಳಹೋಗಲು ಜಾಗವಿಲ್ಲದಾಯಿತು. ಮದುವೆ ಮನೆಯಲ್ಲಿ ಮದುಮಗನಿಗೇ ಕುರ್ಚಿ ಸಿಗದಂತೆ! ಕೊನೆಗೆ ಮಿತಿಯನ್ನು ಏರಿಸಿ ದಾರಿ ಮಾಡಬೇಕಾಯಿತು. ಅದರ ಮೊದಲ ಆವೃತ್ತಿಯಲ್ಲಿ ನಾಲ್ವರು ಒಂದೇ ಕಟ್ಟಡದ ಜಾಲದಲ್ಲಿ ಆಡುವಾಗ ಪ್ರತಿಯೊಬ್ಬನ ಸಂದೇಶವೂ ಆ ಜಾಲದ ಎಲ್ಲ ಯಂತ್ರಗಳಿಗೂ ಹೋಗುತ್ತಿತ್ತು. ಇದರಿಂದ ಕಚೇರಿಗಳ, ಕಾಲೇಜುಗಳ ಜಾಲಗಳೇ ಉಸಿರುಗಟ್ಟಿದವು. ಕೆಲವೆಡೆ ಆಟವನ್ನು ನಿಷೇಧಿಸಿದರು. 1994ರ ಆರಂಭದಲ್ಲಿ ಬಂದ ತಿದ್ದುಪಡಿಯಲ್ಲಿ ಆ ದೋಷ ಹೋಯಿತು.

1996ರ ಜೂನ್‌ನಲ್ಲಿ ಅದೇ ಕಂಪನಿಯ ‘ಕ್ವೇಕ್’ ಬಂತು. ಇಲ್ಲಿ ಒಂದು ಯಂತ್ರ ಆತಿಥೇಯ, ಉಳಿದವು ಅತಿಥಿಗಳು ಎಂಬ ವ್ಯವಸ್ಥೆ ಸ್ಪಷ್ಟವಾಯಿತು. ಅಂತರ್ಜಾಲದ ಮೂಲಕವೇ ಆಡಬಹುದಾಯಿತು. ಆದರೆ ಟೆಲಿಫೋನ್ ಮೋಡೆಮ್ ಇದ್ದವರಿಗೆ ಗುಂಡಿ ಒತ್ತಿದ ಎಷ್ಟೋ ಹೊತ್ತಿನ ಮೇಲೆ ಕಾಲು ಮುಂದೆ ಹೋಗುತ್ತಿತ್ತು. ಅದರ ಮುಖ್ಯ ಕರ್ತೃ ಜಾನ್ ಕಾರ್ಮಾಕ್ ಆಗಸ್ಟ್ ತಿಂಗಳಲ್ಲಿ ಬಹಿರಂಗವಾಗಿ ತಮ್ಮ ತಪ್ಪನ್ನು ಒಪ್ಪಿಕೊಂಡರು. 200 ಮಿಲಿಸೆಕೆಂಡಿನೊಳಗೆ ಜವಾಬು ಬರುವ ಉತ್ತಮ ಸಂಪರ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಆಟ ರಚಿಸಿದ್ದರು. ಬಹುಪಾಲು ಜನರ ಮೋಡೆಮ್‌ಗಳಲ್ಲಿ 300ಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ತನ್ನ ಮನೆಯ ಅಳತೆಯಿಂದ ಊರನ್ನು ಅಳೆಯುವ ತಪ್ಪು ದೊಡ್ಡವರಿಗೂ ಆಗುತ್ತದೆ. ಆ ವರ್ಷದ ಡಿಸೆಂಬರಿನಲ್ಲಿಯೇ ‘ಕ್ವೇಕ್‌ವರ್ಲ್ಡ್’ ಎಂಬ ತಿದ್ದಿದ ರೂಪ ಬಂತು. ಸರ್ವರಿನ ಒಪ್ಪಿಗೆ ಬರುವ ಮೊದಲೇ ಆಟಗಾರನ ಯಂತ್ರ ತಾನೇ ಅಂದಾಜು ಮಾಡಿ ಹೆಜ್ಜೆ ಇಡುತ್ತದೆ, ಒಪ್ಪಿಗೆ ಬಂದ ಮೇಲೆ ಹೆಚ್ಚುಕಡಿಮೆಯಾಗಿದ್ದರೆ ತಿದ್ದಿಕೊಳ್ಳುತ್ತದೆ. ಇಂದಿನ ಓಡಾಟದ ಆಟಗಳೆಲ್ಲ ಈ ಉಪಾಯದ ಮೇಲೆಯೇ ನಿಂತಿವೆ.

ಆದರೂ ದೂರವನ್ನು ಯಾವ ಉಪಾಯವೂ ಅಳಿಸಲಾರದು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಹೋಗುತ್ತದೆ. ಬೆಂಗಳೂರಿನಿಂದ ಜರ್ಮನಿಯ ಫ್ರಾಂಕ್‌ಫರ್ಟ್‌ಗೆ ನೇರ ದೂರವೇ ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು. ಹೋಗಿ ಬರಲು 70 ಮಿಲಿಸೆಕೆಂಡಿಗಿಂತ ಕಡಿಮೆಯಾಗುವುದು ಅಸಾಧ್ಯ. ತಂತಿ ನೇರವಾಗಿ ಹೋಗುವುದಿಲ್ಲವಾದ್ದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಹೊಸ ರೂಟರ್ ಕೊಂಡರೂ ಇದು ಬದಲಾಗದು.

ಈಗ ನಮ್ಮ ಹುಡುಗನ ಮನೆಯ ಗೋಡೆ ಯಾವಾಗ ಎದ್ದಿತು ಎಂಬ ಪ್ರಶ್ನೆ. 1990ರ ದಶಕದ ಆರಂಭದಲ್ಲಿಯೇ ವಿಳಾಸಗಳು ಮುಗಿದುಹೋಗುತ್ತವೆಂಬ ಆತಂಕ ಹುಟ್ಟಿತ್ತು. ಅದಕ್ಕೆ ಕಾರಣ ಹಂಚಿಕೆಯಲ್ಲಿತ್ತು. ಮೊದಲು ಬಂದವರಿಗೆ ಧಾರಾಳವಾಗಿ ಕೊಟ್ಟಿದ್ದರು. ಅಮೆರಿಕದ ಎಂಐಟಿ ಎಂಬ ಒಂದೇ ವಿದ್ಯಾಸಂಸ್ಥೆಯ ಕೈಯಲ್ಲಿ 1 ಕೋಟಿ 67 ಲಕ್ಷಕ್ಕೂ ಹೆಚ್ಚು ವಿಳಾಸಗಳಿದ್ದವು. 18ರಿಂದ ಶುರುವಾಗುವ ಎಲ್ಲವೂ ಅದರದೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ತನ್ನ ಪಾಲಿಗೆ ಬಂದಿದ್ದ ಅಷ್ಟೇ ದೊಡ್ಡ ಗಂಟನ್ನು 2000ದಲ್ಲಿ ಹಿಂದಿರುಗಿಸಿತು, ಅದನ್ನು ಮೆಚ್ಚಬೇಕು. ಎಂಐಟಿ 2017ರಲ್ಲಿ ತನ್ನದರಲ್ಲಿ ಸುಮಾರು 80 ಲಕ್ಷವನ್ನು ಮಾರಲು ನಿರ್ಧರಿಸಿತು. ನಮ್ಮ ದೇಶದಲ್ಲಿ 1986ರಲ್ಲಿ ಎರ್ನೆಟ್ ಎಂಬ ಯೋಜನೆಯಡಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐಐಟಿಗಳಂಥ ಬೆರಳೆಣಿಕೆಯ ಸಂಸ್ಥೆಗಳು ಜಾಲ ಕಟ್ಟತೊಡಗಿದವು. ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿಎಸ್ಎನ್ಎಲ್ ಮೂಲಕ. ಪಂಕ್ತಿಯಲ್ಲಿ ನಾವು ತಡವಾಗಿ ಕುಳಿತವರು. ಬಡಿಸುವವನ ಪಾತ್ರೆ ಆಗಲೇ ಹಗುರವಾಗಿತ್ತು.

ಅದಕ್ಕೆ ತಾತ್ಕಾಲಿಕ ಉಪಾಯವೊಂದು 1994ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಕೆಲ್ಡ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಬರೆದ ಆ ಟಿಪ್ಪಣಿಯ ವಸ್ತುವಿಗೆ ಇಂದು ‘ನ್ಯಾಟ್’ ಎನ್ನುತ್ತೇವೆ, ವಿಳಾಸ ಬದಲಾವಣೆ. ಶಾಶ್ವತ ಪರಿಹಾರ ಬರುವವರೆಗೆ ಮಾತ್ರ ಎಂಬುದು ಅವರ ಉದ್ದೇಶವಾಗಿತ್ತು. 1996ರಲ್ಲಿ ಮನೆಯೊಳಗಿನ ಬಳಕೆಗೆಂದೇ ಮೂರು ವಿಳಾಸ ಶ್ರೇಣಿಗಳನ್ನು ಖಚಿತಪಡಿಸಿದರು. ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಕಾಣುವ 192.168 ಎಂಬುದು ಅವುಗಳಲ್ಲೊಂದು. ಜಗತ್ತಿನ ಕೋಟ್ಯಂತರ ಮನೆಗಳಲ್ಲಿ ಅದೇ ಸಂಖ್ಯೆ ಇದೆ.

ಇದನ್ನು ನಮ್ಮ ವಿದ್ಯಾರ್ಥಿ ನಿಲಯದ ಉದಾಹರಣೆಯಿಂದ ತಿಳಿಯಬಹುದು. ನಿಲಯಕ್ಕೆ ಒಂದೇ ವಿಳಾಸ. ಒಳಗೆ ಕೋಣೆಗಳು ಅನೇಕ. ಹುಡುಗನೊಬ್ಬ ಹೊರಗೆ ಪತ್ರ ಬರೆದರೆ ವಾರ್ಡನ್ ಅದರ ಮೇಲೆ ನಿಲಯದ ವಿಳಾಸ ಹಾಕಿ, ‘ಇಂಥ ಪತ್ರ ಏಳನೆಯ ಕೋಣೆಯವನದು’ ಎಂದು ವಹಿಯಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಜವಾಬು ಬಂದಾಗ ವಹಿ ನೋಡಿ ತಲುಪಿಸುತ್ತಾನೆ. ಇಲ್ಲಿಯವರೆಗೆ ತೊಂದರೆಯಿಲ್ಲ. ಆದರೆ ಹೊರಗಿನವನೊಬ್ಬ ತಾನಾಗಿಯೇ ಮೊದಲ ಪತ್ರ ಬರೆದರೆ? ವಹಿಯಲ್ಲಿ ಗುರುತಿಲ್ಲ. ಯಾವ ಕೋಣೆಗೆಂದು ತಿಳಿಯದೆ ವಾರ್ಡನ್ ಅದನ್ನು ಸುಮ್ಮನೆ ಬದಿಗಿಡುತ್ತಾನೆ. ಬರೆದವನಿಗೆ ಸಿಗುವುದು ಮೌನ. ನ್ಯಾಟ್‌ನ ರೂಟರ್ ಮಾಡುವುದು ಇದನ್ನೇ. ಸರ್ವರ್ ನಡೆಸುವವನು ವಾರ್ಡನ್‌ಗೆ ಮೊದಲೇ ಚೀಟಿ ಬರೆದುಕೊಡಬೇಕು: ‘25565ನೆಯ ಬಾಗಿಲಿಗೆ ಬಂದವರನ್ನು ಏಳನೆಯ ಕೋಣೆಗೆ ಕಳಿಸಿ’. ಇದಕ್ಕೇ ಪೋರ್ಟ್ ಫಾರ್ವರ್ಡಿಂಗ್ ಎಂದು ಹೆಸರು.

ಈ ಚೀಟಿಯಲ್ಲಿ ಎಡವುವವರು ಬಹಳ. ಕಂಪ್ಯೂಟರ್ ಆರಿಸಿ ಹಚ್ಚಿದಾಗ ರೂಟರ್ ಅದಕ್ಕೆ ಬೇರೆ ಕೋಣೆ ಕೊಟ್ಟಿರುತ್ತದೆ. ಚೀಟಿ ಮಾತ್ರ ಹಳೆಯ ಕೋಣೆಗೇ ಇರುತ್ತದೆ. ನಿನ್ನೆ ಸರಿಯಿದ್ದದ್ದು ಇಂದು ಕೆಟ್ಟಿತು ಎನ್ನುವವರ ತೊಂದರೆ ಬಹುಮಟ್ಟಿಗೆ ಇದೇ. ಆ ಯಂತ್ರಕ್ಕೆ ರೂಟರಿನಲ್ಲಿ ಖಾಯಂ ಕೋಣೆ ಗೊತ್ತುಮಾಡಬೇಕು. ಇನ್ನು ಅಂಚೆಯಲ್ಲಿ ರಿಜಿಸ್ಟರ್ಡ್ ಮತ್ತು ಸಾದಾ ಎಂದಿರುವಂತೆ ಇಲ್ಲಿಯೂ ಟಿಸಿಪಿ, ಯುಡಿಪಿ ಎಂಬ ಎರಡು ಬಗೆಗಳಿವೆ. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಗೆ ಟಿಸಿಪಿ ಬೇಕು. ಮೊಬೈಲಿನಲ್ಲಿ ಆಡುವ ಬೆಡ್‌ರಾಕ್ ಆವೃತ್ತಿಗೆ ಯುಡಿಪಿ, ಬಾಗಿಲು 19132. ಒಂದರ ಬದಲು ಇನ್ನೊಂದನ್ನು ಆರಿಸಿದರೆ ಪುನಃ ಮೌನವೇ. ಮೂರನೆಯದಾಗಿ, ಎಷ್ಟೋ ಮಂದಿ ಮನೆಯೊಳಗೇ ಕುಳಿತು ಮನೆಯ ಹೊರಗಿನ ವಿಳಾಸ ಹಾಕಿ ಪರೀಕ್ಷಿಸುತ್ತಾರೆ. ಹಲವು ರೂಟರುಗಳು ಒಳಗಿನಿಂದ ಹೊರಟು ಒಳಗೇ ತಿರುಗುವ ಪತ್ರವನ್ನು ಒಪ್ಪುವುದಿಲ್ಲ. ಎಲ್ಲ ಸರಿಯಿದ್ದರೂ ಕೆಟ್ಟಿದೆ ಎಂದು ತೋರುತ್ತದೆ. ಮೊಬೈಲ್ ಡೇಟಾದಿಂದಲೋ ಗೆಳೆಯನ ಮನೆಯಿಂದಲೋ ಪರೀಕ್ಷಿಸಬೇಕು.

ಕಂಪ್ಯೂಟರಿನೊಳಗಿನ ಕಾವಲುಗಾರನ ಕಥೆಯನ್ನೂ ಹೇಳಬೇಕು. 2003ರ ಆಗಸ್ಟ್‌ನಲ್ಲಿ ‘ಬ್ಲಾಸ್ಟರ್’ ಎಂಬ ಹುಳು ವಿಂಡೋಸ್ ಯಂತ್ರಗಳ ತೆರೆದ ಬಾಗಿಲುಗಳಿಂದ ನುಗ್ಗಿ ಜಗತ್ತನ್ನೆಲ್ಲ ಕಂಗೆಡಿಸಿತು. ಯಾರೂ ಯಾವ ಫೈಲನ್ನೂ ತೆರೆಯಬೇಕಿರಲಿಲ್ಲ, ಜಾಲಕ್ಕೆ ಸೇರಿದರೆ ಸಾಕಿತ್ತು. ಮರುವರ್ಷ, 2004ರ ಆಗಸ್ಟ್‌ನಲ್ಲಿ, ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವೀಸ್ ಪ್ಯಾಕ್‌ನೊಂದಿಗೆ ಫೈರ್‌ವಾಲ್ ತಾನಾಗಿಯೇ ಚಾಲೂ ಇರುವಂತಾಯಿತು. ಇಂದು ಸರ್ವರ್ ಮೊದಲ ಬಾರಿ ಚಾಲೂ ಮಾಡಿದಾಗ ‘ಅನುಮತಿಸಬೇಕೆ?’ ಎಂದು ಕೇಳುವವನು ಇವನೇ. ಅವಸರದಲ್ಲಿ ಬೇಡ ಎಂದು ಒತ್ತಿದರೆ ಆಮೇಲೆ ಅವನು ನೆನಪಿಸುವುದಿಲ್ಲ. ಪೂರ್ತಿ ಆರಿಸಿಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ಅದನ್ನು ಕೇಳಬೇಡಿ. ಆ ಒಂದು ಪ್ರೋಗ್ರಾಂಗೆ, ಆ ಒಂದು ಬಾಗಿಲಿಗೆ ಅನುಮತಿ ಕೊಟ್ಟರೆ ಸಾಕು.

ಒಂದು ಸಂಜೆ ಹುಡುಗನ ಮನೆಗೆ ಹೋದೆ. ಹತ್ತಿರದಿಂದ ದೂರಕ್ಕೆ ಹೋಗುವುದೇ ಸರಿಯಾದ ಕ್ರಮ. ಮೊದಲು ಅದೇ ಯಂತ್ರದಿಂದ 127.0.0.1 ಎಂಬ ‘ನಾನೇ’ ವಿಳಾಸಕ್ಕೆ ಸಲಾಂ. ಜವಾಬು ಬಂತು. ನಂತರ ಅಕ್ಕನ ಲ್ಯಾಪ್‌ಟಾಪಿನಿಂದ. ಬಂತು. ಅಂದರೆ ಸರ್ವರ್ ಸರಿ, ಫೈರ್‌ವಾಲ್ ಸರಿ. ಹೊಸ ರೂಟರಿನ ಚೀಟಿಯನ್ನೂ ಹುಡುಗ ತಪ್ಪಿಲ್ಲದೆ ಬರೆದಿದ್ದ, ಶಹಭಾಸ್ ಎಂದೆ. ಆಮೇಲೆ ರೂಟರಿನ ಒಳಪುಟದಲ್ಲಿ ಅದಕ್ಕೆ ಹೊರಗಿನಿಂದ ಸಿಕ್ಕಿರುವ ವಿಳಾಸ ಯಾವುದೆಂದು ನೋಡಿದೆವು. 192.168 ಎಂದಿತ್ತು! ಹೊರಗಿನ ವಿಳಾಸ ಹಾಗಿರಲು ಸಾಧ್ಯವಿಲ್ಲ. ಗೋಡೆಯ ಮೇಲಿದ್ದ ಫೈಬರ್ ಪೆಟ್ಟಿಗೆಯೇ ಒಂದು ರೂಟರ್ ಆಗಿತ್ತು; ಎರಡೂವರೆ ಸಾವಿರದ ಹೊಸದು ಅದರ ಹಿಂದೆ ಕುಳಿತಿತ್ತು. ತಂದೆಯ ದುಡ್ಡಿನಲ್ಲಿ ಮನೆಗೆ ಬಂದದ್ದು ಇನ್ನೊಬ್ಬ ವಾರ್ಡನ್.

ಅದನ್ನು ಬಿಚ್ಚಿ ಬದಿಗಿಟ್ಟು, ಚೀಟಿಯನ್ನು ಫೈಬರ್ ಪೆಟ್ಟಿಗೆಗೆ ಬರೆದೆವು. ಅದರ ಹೊರ ವಿಳಾಸ ನೋಡಿದರೆ 100.72 ಎಂದು ಶುರುವಾಗುತ್ತಿತ್ತು. ‘ನಿಮ್ಮ ವಿಳಾಸ ಇದು’ ಎಂದು ತೋರಿಸುವ ಜಾಲತಾಣದಲ್ಲಿ ಬೇರೆಯೇ ಸಂಖ್ಯೆ ಇತ್ತು. ಅಲ್ಲಿಗೆ ಗುಟ್ಟು ಬಯಲಾಯಿತು.

2011ರ ಫೆಬ್ರವರಿ 3ರಂದು ಜಗತ್ತಿನ ಕೇಂದ್ರ ಭಂಡಾರದ ಕೊನೆಯ ಐದು ಗಂಟುಗಳನ್ನು ಐದು ಪ್ರಾಂತ್ಯಗಳಿಗೆ ಹಂಚಿ ಮುಗಿಸಿದರು. ಏಷ್ಯಾ ಪೆಸಿಫಿಕ್ ಪ್ರಾಂತ್ಯದ ಭಂಡಾರ ಎಲ್ಲರಿಗಿಂತ ಮೊದಲು, ಅದೇ ಏಪ್ರಿಲ್ 15ರಂದು, ತನ್ನ ಕೊನೆಯ ಗಂಟಿಗೆ ಬಂದು ನಿಂತಿತು. ಅಲ್ಲಿಂದ ಮುಂದೆ ಸೇವಾ ಕಂಪನಿಗಳಿಗೆ ಸಣ್ಣ ಸಣ್ಣ ತುತ್ತುಗಳಷ್ಟೇ. 2012ರ ಏಪ್ರಿಲಿನಲ್ಲಿ ಅಂಥ ಕಂಪನಿಗಳಿಗಾಗಿಯೇ ಒಂದು ಶ್ರೇಣಿಯನ್ನು ಮೀಸಲಿಟ್ಟರು: 100.64ರಿಂದ 100.127ರವರೆಗೆ, ಸುಮಾರು 42 ಲಕ್ಷ ವಿಳಾಸಗಳು. ಇವು ಕಂಪನಿಯ ಒಳಗೆ ಮಾತ್ರ ನಡೆಯುವ ನಾಣ್ಯ. ಬೀದಿ ಬೀದಿಗಳ ಗ್ರಾಹಕರನ್ನು ಒಟ್ಟಿಗೆ ಸೇರಿಸಿ, ಎಲ್ಲರಿಗೂ ಸೇರಿ ಒಂದು ನಿಜವಾದ ವಿಳಾಸ ಕೊಡುತ್ತಾರೆ. ಮನೆಯಲ್ಲೊಬ್ಬ ವಾರ್ಡನ್, ಕಂಪನಿಯಲ್ಲೊಬ್ಬ ಮಹಾ ವಾರ್ಡನ್. ಈ ಮಹಾ ವಾರ್ಡನ್‌ಗೆ ಚೀಟಿ ಬರೆದುಕೊಡುವ ಅಧಿಕಾರ ನಿಮಗಿಲ್ಲ. ಹುಡುಗ ಗೆಳೆಯರಿಗೆ ಕೊಟ್ಟಿದ್ದ ಪತಾ ಅಪರಿಚಿತ ಮನೆಗಳೊಂದಿಗೆ ಹಂಚಿಕೊಂಡದ್ದು. ಗೆಳೆಯರ ಸಲಾಂ ಕಂಪನಿಯ ಬಾಗಿಲವರೆಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು.

ಇದನ್ನು ಹೇಳಿದಾಗ ಹುಡುಗನ ತಂದೆ ಕತ್ತರಿ ಕೆಳಗಿಟ್ಟು ಕೇಳಿದರು: “ಹಾಗಾದರೆ ನಾವು ಫೋನ್ ಮಾಡಬಹುದು, ನಮಗೆ ಫೋನ್ ಬರುವುದಿಲ್ಲ, ಅಲ್ಲವಾ ಮಾಸ್ಟರ್‌ಸಾಬ್?” ನಾನು ಅರ್ಧ ಗಂಟೆ ಹೇಳಿದ್ದನ್ನು ಅವರು ಒಂದು ಮಾತಿನಲ್ಲಿ ಹೇಳಿಬಿಟ್ಟಿದ್ದರು. ಎಲ್ಲ ಯಂತ್ರಗಳೂ ಅತಿಥಿಯೂ ಆತಿಥೇಯವೂ ಆಗಿದ್ದ ಜಾಲದಲ್ಲಿ ನಮ್ಮಂಥ ಮನೆಗಳು ಬರೀ ಅತಿಥಿಗಳಾಗಿ ಉಳಿದದ್ದು ಹೀಗೆ. ಆತಿಥ್ಯ ಬೇಕೆಂದರೆ ಬೇರೆಯವರ ಸರ್ವರಿಗೆ ತಿಂಗಳ ಬಾಡಿಗೆ, ಇಲ್ಲವೇ ಕಂಪನಿ ಕೊಡುವುದಾದರೆ ಖಾಯಂ ವಿಳಾಸಕ್ಕೆ ಹೆಚ್ಚಿನ ಶುಲ್ಕ. ನಡುವೆ ನಿಂತು ಇಬ್ಬರನ್ನೂ ಬೆಸೆಯುವ ಪ್ರೋಗ್ರಾಂಗಳೂ ಉಂಟು. 2004ರಲ್ಲಿ ಬಂದ ‘ಹಮಾಚಿ’ಯನ್ನು ಮೈನ್‌ಕ್ರಾಫ್ಟ್ ಆಡುವವರು ಬಹಳ ಬಳಸಿದ್ದರು.

ಬಾಗಿಲು ತೆರೆಯುವುದರ ಅಪಾಯವನ್ನು ಹೇಳದಿದ್ದರೆ ಶಿಕ್ಷಕನಾಗಿ ನನ್ನ ಕರ್ತವ್ಯಲೋಪವಾದೀತು. 2016ರಲ್ಲಿ ಜಗತ್ತನ್ನು ನಡುಗಿಸಿದ ‘ಮಿರಾಯ್’ ಎಂಬ ದುಷ್ಟ ಪ್ರೋಗ್ರಾಮನ್ನು ಬರೆದವರು ಅಮೆರಿಕದ ಮೂವರು ಎಳೆಯ ತರುಣರು. ಅದರ ಬೇರು ಇದ್ದದ್ದು ಮೈನ್‌ಕ್ರಾಫ್ಟ್ ಸರ್ವರುಗಳ ವ್ಯಾಪಾರದ ಪೈಪೋಟಿಯಲ್ಲಿ. ಕಾರ್ಖಾನೆಯಿಂದ ಬಂದಾಗಿನ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಲಕ್ಷಾಂತರ ಕ್ಯಾಮೆರಾ, ರೂಟರುಗಳೊಳಗೆ ಹೊಕ್ಕು, ಅವನ್ನೆಲ್ಲ ಒಟ್ಟಿಗೆ ಒಂದೇ ಬಾಗಿಲಿಗೆ ನುಗ್ಗಿಸುತ್ತಿದ್ದರು. ಅದರ ಮೂಲಪಾಠ ಬಹಿರಂಗವಾದ ಮೇಲೆ ಅಕ್ಟೋಬರ್ 21ರಂದು ಅದೇ ಪ್ರೋಗ್ರಾಂ ಬಳಸಿ ನಡೆದ ದಾಳಿಯಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳೇ ಗಂಟೆಗಟ್ಟಲೆ ಕೈಗೆ ಸಿಗದಾದವು. 2017ರ ಡಿಸೆಂಬರಿನಲ್ಲಿ ಆ ಮೂವರ ತಪ್ಪೊಪ್ಪಿಗೆ ಬಹಿರಂಗವಾಯಿತು. 2021ರ ಡಿಸೆಂಬರಿನಲ್ಲಿ ‘ಲಾಗ್‌4ಜೆ’ ಎಂಬ ಉಪಪ್ರೋಗ್ರಾಮಿನ ದೋಷದಿಂದ ಆಟದ ಮಾತುಕತೆಯಲ್ಲಿ ಒಂದು ಸಾಲು ಬರೆದು ಸರ್ವರನ್ನೇ ವಶಪಡಿಸಿಕೊಳ್ಳಬಹುದಾಗಿತ್ತು. ಹಳೆಯ ಆವೃತ್ತಿಯ ಸರ್ವರನ್ನು ಬಾಗಿಲಲ್ಲಿ ಕೂರಿಸಬೇಡಿ. ರೂಟರಿನ ಪಾಸ್‌ವರ್ಡ್ ಬದಲಿಸದೆ ಬಾಗಿಲು ತೆರೆಯಬೇಡಿ.

ಇನ್ನು ಆ ಶಾಶ್ವತ ಪರಿಹಾರ ಏನಾಯಿತು? ಅದರ ಮೊದಲ ನಿಯಮಾವಳಿ 1995ರ ಡಿಸೆಂಬರಿನಲ್ಲೇ ಬಂದಿತ್ತು. ಹೆಸರು ಐಪಿವಿ6. 32ರ ಬದಲು 128 ಬಿಟ್‌ಗಳು. ಮನೆಗೊಂದಲ್ಲ, ಮನೆಯ ಪ್ರತಿ ದೀಪಕ್ಕೆ ಒಂದೊಂದು ವಿಳಾಸ ಕೊಟ್ಟರೂ ಮುಗಿಯದು. 2012ರ ಜೂನ್ 6ರಂದು ದೊಡ್ಡ ಜಾಲತಾಣಗಳು ಅದನ್ನು ಖಾಯಂ ಆಗಿ ಚಾಲೂ ಮಾಡಿದವು. ತಡವಾಗಿ ಕುಳಿತ ನಮಗೆ ಇಲ್ಲೊಂದು ಲಾಭವಾಯಿತು. ಹಳೆಯ ವಿಳಾಸ ಸಾಲದೆ 2016ರ ನಂತರ ಬೆಳೆದ ನಮ್ಮ ಮೊಬೈಲ್ ಜಾಲಗಳು ಹೊಸ ಪದ್ಧತಿಯನ್ನೇ ಹಿಡಿದವು. ಇಂದು ಐಪಿವಿ6 ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯ ದೇಶಗಳಲ್ಲಿ ಒಂದು.

ಫೈಬರ್ ಪೆಟ್ಟಿಗೆಯಲ್ಲಿ ಹುಡುಕಿದರೆ ಹೊಸ ಬಗೆಯ ವಿಳಾಸವೂ ಇತ್ತು. ಇಲ್ಲಿ ನ್ಯಾಟ್ ಬೇಕಿಲ್ಲ, ಕಂಪ್ಯೂಟರಿಗೇ ತನ್ನದೇ ಆದ ಪತಾ ಇರುತ್ತದೆ. ಕಾವಲುಗಾರ ಮಾತ್ರ ಇದ್ದ. ಅವನಿಗೆ ಆ ಒಂದು ಯಂತ್ರದ ಆ ಒಂದು ಬಾಗಿಲಿಗೆ ಅನುಮತಿ ಬರೆದೆವು. ವಿಳಾಸ ಎಷ್ಟು ಉದ್ದವೆಂದರೆ ಹುಡುಗ ಅದನ್ನು ಫೋನಿನಲ್ಲಿ ಓದಿ ಹೇಳುವಾಗ ಎರಡು ಸಲ ಉಸಿರು ತೆಗೆದುಕೊಂಡ. ಆಚೆಯವನು ಅದನ್ನು ಚೌಕ ಆವರಣದೊಳಗೆ ಹಾಕಿ, ಕೊನೆಗೆ ಬಾಗಿಲಿನ ಸಂಖ್ಯೆ ಬರೆದು, ಒತ್ತಿದ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಪರದೆಯ ಮೂಲೆಯಲ್ಲಿ ಗೆಳೆಯನ ಹೆಸರು ಹಳದಿ ಅಕ್ಷರಗಳಲ್ಲಿ ಮೂಡಿತು.

ಆ ರಾತ್ರಿ ಇಶಾ ನಮಾಜಿನ ಹೊತ್ತಿಗೆ ನಾಲ್ವರಲ್ಲಿ ಮೂವರು ಬಂದು ಸೇರಿದ್ದರು. ನಾಲ್ಕನೆಯವನ ಮನೆಯ ಸಂಪರ್ಕದಲ್ಲಿ ಹೊಸ ವಿಳಾಸದ ವ್ಯವಸ್ಥೆಯೇ ಇಲ್ಲ. ಅವನು ರವಿವಾರಗಳಂದು ಸೈಕಲ್ ತುಳಿದುಕೊಂಡು ಇವರ ಮನೆಗೇ ಬಂದು, ಅಕ್ಕನ ಲ್ಯಾಪ್‌ಟಾಪಿನಲ್ಲಿ ಆಡಿ ಹೋಗುತ್ತಾನೆ. ಹೊಸ ರೂಟರನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ.